ಕಾಕಾನ ಫೋನಿಗೆ ಸುತ್ತಿದ ರಬ್ಬರ್ ಬ್ಯಾಂಡು

ಇಲ್ಲಿ ಏನಾದರೂ ಬರೆದು ತುಂಬಾ ದಿನವಾಯ್ತು. ಆಫೀಸು, ರಿಲೀಸು, ಮತ್ತೆ ಆಫೀಸು.. ನೆಪಗಳಿಗೇನು ಬರವಿಲ್ಲ ಬಿಡಿ. ಕಳೆದ ಎಳ್ಳಮಾಸಿಗೆ ಊರಿಗೆ ಹೋಗಿದ್ದೆ. ವಾಪಸ್ ಬಂದಾಗಿನಿಂದ ಒಂದು ವಿಷಯ ತಲೆಯಲ್ಲೇ ಕೂತುಬಿಟ್ಟಿದೆ. ಬರೆದರೆ ಹಗುರಾದೀತು ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ನಡುವೆ ಒಂಚೂರು ಲೆಕ್ಕವೂ ಇದೆ. ಸಹಿಸಿಕೊಳ್ಳಿ :-)

ನನ್ನೂರು ಮೋರಖಂಡಿ. ಬೀದರ್ ಜಿಲ್ಲೆ, ಬಸವಕಲ್ಯಾಣ ತಾಲೂಕು. ಬೆಂಗಳೂರಿನಲ್ಲಿ ಯಾರಾದರೂ ಊರು ಯಾವುದು ಅಂತ ಕೇಳಿದರೆ ಬೀದರ್ ಅನ್ನುತ್ತೇನೆ. "ಓ, ತುಂಬಾ ದೂರ ಅಲ್ವಾ?" ಅಂತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಸ್ವಲ್ಪ ಆಸಕ್ತಿ ತೋರಿಸಿದವರ ಮುಂದೆ ಮಾತ್ರ ಜಂಬ ಕೊಚ್ಚುತ್ತೇನೆ. ರಾಷ್ಟ್ರಕೂಟರ ಮೂರನೆಯ ಗೋವಿಂದನ ತಾಮ್ರಪಟಗಳಲ್ಲಿ ಮಯೂರಖಂಡಿ ಅಂತ ಒಂದು ಊರು ಬರುತ್ತದೆ. ಮಾನ್ಯಖೇಟಕ್ಕಿಂತ ಮೊದಲು ರಾಷ್ಟ್ರಕೂಟರ ರಾಜಧಾನಿ ಅದೇ, ಆ ಮಯೂರಖಂಡಿಯೇ ನಮ್ಮ ಮೋರಖಂಡಿ ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ಅಲ್ಲ, ಅದು ನಾಸಿಕದ ಕಡೆಯದು ಅನ್ನುವವರೂ ಇದ್ದಾರೆ. ಅವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಒಂದು ಮಾತ್ರ ನಿಜ. ಇಂಥ ರಾಜಧಾನಿಯಲ್ಲಿ ನಾನು ಚಿಕ್ಕವನಿದ್ದಾಗ ನಮ್ಮ ಮನೆಯೊಳಗೆ ಒಂದು ಕಡ್ಡಿ ಸಿಗ್ನಲ್ ಬರುತ್ತಿರಲಿಲ್ಲ. ಮಾತಾಡಬೇಕೆಂದರೆ ಮಾಳಿಗೆ ಹತ್ತಬೇಕು, ಬಸವಕಲ್ಯಾಣದ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು, ಜೋರಾಗಿ ಕೂಗಬೇಕು. ಅಪ್ಪ ಫೋನಿನಲ್ಲಿ ಯಾರಿಗೆ ಏನು ಹೇಳಿದ ಅನ್ನುವುದು ಇಡೀ ಓಣಿಗೆ ಗೊತ್ತಾಗುತ್ತಿತ್ತು.

ನಮ್ಮ ಮನೆಗೆ ಮೊಬೈಲ್ ಬಂದ ಮರುವರ್ಷವೇ ಒಂದು ದೊಡ್ಡ ಗಾಬರಿ ಆಯಿತು. 2007ರ ಆಗಸ್ಟ್. ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು, ನೋಕಿಯಾ ಬಿಎಲ್-5ಸಿ ಬ್ಯಾಟರಿ ಪ್ರಕರಣ. 2005ರ ಡಿಸೆಂಬರಿನಿಂದ 2006ರ ನವೆಂಬರಿನವರೆಗೆ ಮತ್ಸುಶಿತಾ ಕಂಪನಿ ತಯಾರಿಸಿಕೊಟ್ಟ 4 ಕೋಟಿ 60 ಲಕ್ಷ ಬ್ಯಾಟರಿಗಳು ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗಬಹುದು, ಬೇಕಾದವರು ಬದಲಾಯಿಸಿಕೊಳ್ಳಿ ಅಂತ ನೋಕಿಯಾದವರು ಆಗಸ್ಟ್ 14ರಂದು ಪ್ರಕಟಣೆ ಕೊಟ್ಟರು. ಅಷ್ಟರಲ್ಲಿ ಹಾಗೆ ಬಿಸಿಯಾಗಿದ್ದು ಜಗತ್ತಿನಲ್ಲೆಲ್ಲ ಸೇರಿ ನೂರರ ಆಸುಪಾಸು. ಆದರೆ ನಮ್ಮ ಓಣಿಗೆ ಆ ಸುದ್ದಿ ಬರುವ ಹೊತ್ತಿಗೆ "ನೋಕಿಯಾ ಅಂದ್ರ ಬಾಂಬ್" ಅಂತಾಗಿತ್ತು. ಅಪ್ಪ ಫೋನನ್ನು ಅಂಗಳದಲ್ಲಿಟ್ಟು ಮೇಲೆ ಕಬ್ಬಿಣದ ಬುಟ್ಟಿ ಬೋರಲು ಹಾಕಿದ. ನಮಗೆಲ್ಲ ಹತ್ತಿರ ಹೋಗಬಾರದು ಅಂತ ತಾಕೀತು. ಬುಟ್ಟಿಯ ಕೆಳಗೆ ರಿಂಗಾದಾಗ ಕೋಳಿಗಳೆಲ್ಲ ದಿಕ್ಕಾಪಾಲು!

ಕೊನೆಗೆ ಬಿಡಿಸಿದವನು ನಮ್ಮ ಕಾಕಾ. ಅಪ್ಪನ ತಮ್ಮ. ಬ್ಯಾಟರಿಯ ಬೆನ್ನ ಮೇಲೆ 26 ಅಂಕಿಗಳ ಒಂದು ನಂಬರ್ ಇರುತ್ತಿತ್ತು. ಅದನ್ನು ಕಳಿಸಿದರೆ ಬದಲಾಯಿಸಬೇಕೋ ಬೇಡವೋ ಅಂತ ಹೇಳುತ್ತಿದ್ದರು. ಹತ್ತು ವರ್ಷದವನಾದ ನಾನು ಒಂದೊಂದೇ ಅಂಕಿ ಓದುವುದು, ಕಾಕಾ ಬರೆದುಕೊಳ್ಳುವುದು. ಎರಡು ಸಲ ತಪ್ಪಿತು, ಮೂರನೇ ಸಲಕ್ಕೆ ಸರಿಹೋಯಿತು. ನಮ್ಮದು ಆ ಪಟ್ಟಿಯಲ್ಲಿರಲಿಲ್ಲ. ಕಾಕಾ ಬುಟ್ಟಿ ಎತ್ತಿ ಫೋನನ್ನು ಅಪ್ಪನ ಕೈಗಿಟ್ಟು, "ಹಿಡಿ ಅಣ್ಣಾ, ನಿನ್ನ ಬಾಂಬು" ಅಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ಮಷೀನಿನ ವಿಷಯಕ್ಕೆ ಕಾಕಾನೇ ಧೈರ್ಯಸ್ಥ. ನಾನು ಮುಂದೆ ಎಲೆಕ್ಟ್ರಾನಿಕ್ಸ್ ತೆಗೆದುಕೊಂಡಿದ್ದರಲ್ಲಿ ಆ 26 ಅಂಕಿಗಳ ಪಾಲೂ ಇದೆ.

*

2012ರ ಕೊನೆಗೆ ನಮ್ಮ ಓಣಿಯ ತುದಿಗೆ ಟವರ್ ಬಂತು. ಬಂದಿದ್ದು ಕಾಕಾನ ಮನೆಯ ಹಿಂದಿನ ಖಾಲಿ ಜಾಗದಲ್ಲಿ. ಕಂಪನಿಯವರು ತಿಂಗಳ ಬಾಡಿಗೆ ಕೊಡುತ್ತೇವೆ ಅಂದರು. ಮಳೆ ನಂಬಿ ಸೋಯಾ, ತೊಗರಿ ಬೆಳೆಯುವವನಿಗೆ ತಿಂಗಳಿಗೆ ತಪ್ಪದೆ ಬರುವ ರೊಕ್ಕ ಅಂದರೆ ಸಣ್ಣ ಮಾತಲ್ಲ. ಆ ದುಡ್ಡಿನಲ್ಲಿ ನನ್ನ ತಂಗಿ, ಅಂದರೆ ಕಾಕಾನ ಮಗಳು, ಬಸವಕಲ್ಯಾಣದ ಶಾಲೆಗೆ ಹೋದಳು.

ಓಣಿಯವರು ಮೊದಲು ಖುಷಿಪಟ್ಟರು, ಸಿಗ್ನಲ್ ಫುಲ್ ಅಲ್ವಾ. ಆಮೇಲೆ ಶುರುವಾಯಿತು ಗುಸುಗುಸು. ಗುಬ್ಬಿ ಕಾಣುತ್ತಿಲ್ಲ, ಟವರ್. ಎಮ್ಮೆ ಗಬ್ಬ ನಿಲ್ಲಲಿಲ್ಲ, ಟವರ್. ಯಾರಿಗೋ ತಲೆನೋವು, ಟವರ್. ಅದೇ ವರ್ಷ ನವೆಂಬರಿನಲ್ಲಿ ರಾಜಸ್ಥಾನ ಹೈಕೋರ್ಟು ಶಾಲೆ, ಆಸ್ಪತ್ರೆಗಳ ಹತ್ತಿರದ ಟವರ್‌ಗಳನ್ನು ತೆಗೆಯಿರಿ ಅಂತ ಆದೇಶ ಮಾಡಿತ್ತು. ಪೇಪರಿನಲ್ಲಿ ಬಂದ ಮೇಲೆ ಮಾತಿಗೆ ಇನ್ನಷ್ಟು ಬಲ ಬಂತು. ಕಾಕಾ ನಕ್ಕು ಸುಮ್ಮನಾಗುತ್ತಿದ್ದ.

2016ರಲ್ಲಿ ಕಾಕುಗೆ ಸ್ತನದ ಕ್ಯಾನ್ಸರ್ ಅಂತ ಗೊತ್ತಾಯಿತು. ಸೊಲ್ಲಾಪುರ, ಬಾರ್ಶಿ, ಹೈದರಾಬಾದ್ ಅಂತ ಓಡಾಡಿದೆವು. 2017ರ ಮಾರ್ಚಿನಲ್ಲಿ ಕಾಕು ತೀರಿಕೊಂಡಳು. ಎಳ್ಳಮಾಸಿಗೆ ಅವಳು ಮಾಡುತ್ತಿದ್ದ ಬಜ್ಜಿಯ ರುಚಿ ಇವತ್ತಿಗೂ ಮನೆಯಲ್ಲಿ ಯಾರಿಗೂ ಬಂದಿಲ್ಲ. ಇಷ್ಟೇ ಹೇಳಬಲ್ಲೆ.

ಮುಂದಿನ ತಿಂಗಳೇ ಟೀವಿಯಲ್ಲಿ ಒಂದು ಸುದ್ದಿ. ಗ್ವಾಲಿಯರ್‌ನ ಕ್ಯಾನ್ಸರ್ ರೋಗಿಯೊಬ್ಬರು, ತಾನು ಕೆಲಸ ಮಾಡುವ ಮನೆಯಿಂದ 50 ಮೀಟರಿಗೂ ಕಡಿಮೆ ದೂರದಲ್ಲಿರುವ ಟವರಿನಿಂದಲೇ ನನಗೆ ಹೀಗಾಯಿತು ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಟವರನ್ನು ಏಳು ದಿನದಲ್ಲಿ ನಿಲ್ಲಿಸಿ ಅಂತ ಕೋರ್ಟು ಹೇಳಿತು. ಟೀವಿಯವರು ಅದನ್ನು ದಿನವಿಡೀ ತೋರಿಸಿದರು. ಕಾಕಾ ಅದನ್ನು ನೋಡಿದ. ಓಣಿಯವರೂ ನೋಡಿದರು. ಯಾರೋ ಒಬ್ಬರು ಅವನ ಮುಖಕ್ಕೇ ಹೇಳಿದರಂತೆ, "ಬಾಡಿಗಿ ರೊಕ್ಕ ತಿಂದಿ, ಹೆಂಡತೀನ್ ಕಳ್ಕೊಂಡಿ."

ನಾನಾಗ ಇಂಜಿನಿಯರಿಂಗ್ ಎರಡನೇ ವರ್ಷ. ಊರಿಗೆ ಹೋದಾಗ ಕಾಕಾ ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋದ. ಟವರಿನ ಕೆಂಪು ದೀಪ ತಲೆಯ ಮೇಲೆ ಉರಿಯುತ್ತಿತ್ತು.

"ತಮ್ಮಾ, ನೀ ಇದನ್ನೇ ಓದ್ಲತ್ತಿದಿ. ಖರೇ ಹೇಳು. ಇದರಿಂದನೇ ಆಯ್ತೇನು?"

ನನಗೆ ಏನು ಗೊತ್ತಿತ್ತು? ಆಂಟೆನಾ ವಿಷಯ ಮುಂದಿನ ಸೆಮಿಸ್ಟರಿಗೆ ಇತ್ತು. ಗೊತ್ತಿಲ್ಲ ಅಂದರೆ ಅವಮಾನ. ಇಲ್ಲ ಅಂತ ಗಟ್ಟಿಯಾಗಿ ಹೇಳಲು ಹೆದರಿಕೆ. ದೊಡ್ಡ ಮನುಷ್ಯನ ಹಾಗೆ ಮುಖ ಮಾಡಿಕೊಂಡು, "ಇನ್ನೂ ಸಂಶೋಧನೆ ನಡೆದದ ಕಾಕಾ, ಖಾತ್ರಿ ಹೇಳಲಿಕ್ಕೆ ಬರೂದಿಲ್ಲ" ಅಂದೆ.

ಜಾಣ ಉತ್ತರ. ಪರೀಕ್ಷೆಯಲ್ಲಾದರೆ ಐದಕ್ಕೆ ಎರಡು ಮಾರ್ಕ್ಸ್ ಬರುತ್ತಿತ್ತೇನೋ. ಕಾಕಾ ಅದನ್ನು 'ಹೌದು' ಅಂತ ಕೇಳಿಸಿಕೊಂಡ. ಅದು ನನಗೆ ಅವತ್ತೇ ಗೊತ್ತಾಯಿತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ತಿದ್ದಲಿಲ್ಲ.

ಕಾಕಾ ಹಾಸಿಗೆ ಎತ್ತಿಕೊಂಡು ಹೊಲಕ್ಕೆ ಹೋದ. ಬಾವಿಯ ಪಕ್ಕದ ಖೋಲಿಯೇ ಅವನ ಮನೆಯಾಯಿತು. ಬಾಡಿಗೆಯ ರೊಕ್ಕ ಮುಟ್ಟಲಿಲ್ಲ, ಮಗಳ ಹೆಸರಿಗೆ ಹಾಕಿಸಿಬಿಟ್ಟ. ಕರಾರು ಮುಗಿಯದೆ ಟವರ್ ತೆಗೆಯುವ ಹಾಗಿರಲಿಲ್ಲ. ಟಚ್ ಫೋನು ಬೇಡ, ಅದರಲ್ಲಿ ಕಿರಣ ಜಾಸ್ತಿ ಅಂತ ಹಳೇ ಕೀಪ್ಯಾಡ್ ಫೋನನ್ನೇ ಇಟ್ಟುಕೊಂಡ.

*

ಈಗ ಮೊನ್ನೆಯ ಎಳ್ಳಮಾಸಿಗೆ ಬರುತ್ತೇನೆ. ಹಬ್ಬದ ದಿನ ಎಲ್ಲರೂ ಹೊಲಕ್ಕೆ ಹೋಗಿ ಪೂಜೆ ಮಾಡಿ, ಚರಗ ಚೆಲ್ಲಿ, ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊಡೆದು ಗಿಡದ ನೆರಳಿಗೆ ಅಡ್ಡಾದೆವು. ಉಳಿದವರು ಸಂಜೆಗೆ ಮನೆಗೆ ಹೋದರು. ನಾನು ಕಾಕಾನ ಜೊತೆ ಖೋಲಿಯಲ್ಲೇ ಉಳಿದೆ.

ರಾತ್ರಿ ಅವನು ಫೋನು ತೆಗೆದು ದಿಂಬಿನ ಕೆಳಗೆ ಇಟ್ಟಾಗ ನೋಡಿದೆ. ಫೋನಿನ ಸುತ್ತ ಎರಡು ರಬ್ಬರ್ ಬ್ಯಾಂಡು.

"ಇದ್ಯಾಕ ಕಾಕಾ?"

"ಹಿಂದಿನ ಮುಚ್ಚಳ ನಿಲ್ಲಲ್ತ್ ತಮ್ಮಾ. ಬಿಚ್ಚಿ ಬಿಚ್ಚಿ ಬೀಳ್ತದ."

ಮುಚ್ಚಳ ಯಾಕೆ ನಿಲ್ಲುತ್ತಿಲ್ಲ ಅಂತ ರಬ್ಬರ್ ಬ್ಯಾಂಡ್ ತೆಗೆದು ನೋಡಿದರೆ, ಎದೆ ಧಸಕ್ ಅಂತು. ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಸಮತಟ್ಟಾದ ಜಾಗದಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ಬುಗುರಿಯಂತೆ ತಿರುಗುತ್ತದೆ! ಸರಿಯಿರುವ ಬ್ಯಾಟರಿ ಹಾಗೆ ತಿರುಗುವುದಿಲ್ಲ, ಅರ್ಧ ಸುತ್ತಿಗೇ ನಿಂತುಬಿಡುತ್ತದೆ. ಹೊಟ್ಟೆ ಬಂದಿದ್ದರೆ ಮಾತ್ರ ಹೊಟ್ಟೆಯ ಮೇಲೆ ತಿರುಗುತ್ತದೆ. ಇದು ಅಂಗಡಿಯಲ್ಲಿ ಸಿಗುವ ಅಗ್ಗದ ಡೂಪ್ಲಿಕೇಟ್ ಬ್ಯಾಟರಿ. ಮೇಲೆ ಬಿಐಎಸ್‌ನ ಗುರುತಿಲ್ಲ, ಆರ್ ಅಕ್ಷರದ ಮುಂದೆ ಇರಬೇಕಾದ ನೋಂದಣಿ ನಂಬರಿಲ್ಲ. ಭಜನೆ ಹಾಡುವ ಸಣ್ಣ ರೇಡಿಯೋಗಳಲ್ಲೂ ಇಂಥವೇ ಇರುತ್ತವೆ. ಚಾರ್ಜ್ ಮಾಡುತ್ತಿದ್ದುದು ಎರಡು ಕಂಬಿಗಳ ಕ್ಲಿಪ್ ಚಾರ್ಜರಿನಲ್ಲಿ, ಪಂಪಿನ ಸ್ಟಾರ್ಟರ್ ಬೋರ್ಡಿನ ಪಕ್ಕ. ಹೊಲಕ್ಕೆ ಕರೆಂಟು ಬರುವುದು ರಾತ್ರಿ. ವೋಲ್ಟೇಜ್ ಏರಿಳಿತ ದೇವರಿಗೇ ಪ್ರೀತಿ. ಬೋರ್ಡಿನ ಕೆಳಗೆ ಗೋಣಿಚೀಲ. ಗೋಡೆಗೆ ಹೊಂದಿಕೊಂಡು ಕಣಿಕೆಯ ಬಣವಿ.

ಟವರಿಗೆ ಹೆದರಿ ಬಂದ ಮನುಷ್ಯ ಎಷ್ಟು ದಿನದಿಂದ ಇದನ್ನು ತಲೆಗೆ ಇಟ್ಟುಕೊಂಡು ಮಲಗಿದ್ದನೋ.

ನಿಮಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ಲಿಥಿಯಂ ಅಯಾನ್ ಬ್ಯಾಟರಿಯ ಒಳಗೆ ಎರಡು ಪದರಗಳಿರುತ್ತವೆ. ಅವು ಒಂದಕ್ಕೊಂದು ತಾಗದಂತೆ ನಡುವೆ ಒಂದು ಪ್ಲಾಸ್ಟಿಕ್ ಹಾಳೆ, ನಮ್ಮ ಕೂದಲಿಗಿಂತ ತೆಳುವಾದದ್ದು. ಇವೆಲ್ಲ ನೆನೆದಿರುವುದು ಸುಲಭವಾಗಿ ಹೊತ್ತಿಕೊಳ್ಳುವ ದ್ರವದಲ್ಲಿ. ಚಾರ್ಜ್ ಆಗುವಾಗ 4.2 ವೋಲ್ಟ್ ದಾಟಬಾರದು. ಒಳ್ಳೆಯ ಬ್ಯಾಟರಿಯೊಳಗೆ ಅದನ್ನು ಕಾಯುವ ಸಣ್ಣ ಸರ್ಕ್ಯೂಟ್ ಇರುತ್ತದೆ, ಡೂಪ್ಲಿಕೇಟಿನಲ್ಲಿ ಅದನ್ನೇ ಉಳಿಸಿ ಲಾಭ ಮಾಡುತ್ತಾರೆ. ಹೆಚ್ಚು ಚಾರ್ಜ್ ಆದಾಗ, ಹಳತಾದಾಗ, ಬಿಸಿಯಾದಾಗ ಆ ದ್ರವ ಒಡೆದು ಅನಿಲವಾಗುತ್ತದೆ. ಅದೇ ಉಬ್ಬು. ಒಳಗಿನ ಹಾಳೆ ಹರಿದರೆ ಅಥವಾ ಕರಗಿದರೆ ಎರಡು ಪದರ ತಾಗಿ ಶಾರ್ಟ್ ಆಗುತ್ತದೆ. ಶಾರ್ಟ್ ಆದರೆ ಬಿಸಿ, ಬಿಸಿಯಾದಷ್ಟೂ ಒಳಗಿನ ಕ್ರಿಯೆ ಜೋರು, ಜೋರಾದಷ್ಟೂ ಮತ್ತೆ ಬಿಸಿ. ಒಮ್ಮೆ ಶುರುವಾದರೆ ಅದು ತಾನಾಗಿ ನಿಲ್ಲುವುದಿಲ್ಲ. ದಿಂಬಿನ ಕೆಳಗಾದರೆ ಆ ಬಿಸಿ ಹೊರಗೆ ಹೋಗಲೂ ದಾರಿಯಿಲ್ಲ.

ದೊಡ್ಡ ಕಂಪನಿಗಳೇ ಇದರಲ್ಲಿ ಎಡವಿವೆ. 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು, ಸುಮಾರು 25 ಲಕ್ಷ, ವಾಪಸ್ ಕರೆಸಿಕೊಂಡಿತು. ಬದಲಿಗೆ ಕೊಟ್ಟವೂ ಹೊತ್ತಿಕೊಂಡಾಗ ಆ ಮಾಡೆಲನ್ನೇ ನಿಲ್ಲಿಸಿತು. ಅಷ್ಟು ಪರೀಕ್ಷೆ ಮಾಡಿದವರ ಕಥೆಯೇ ಹೀಗಾದರೆ, ಹೆಸರಿಲ್ಲದ ಬ್ಯಾಟರಿಯ ಕಥೆ ಏನು?

ಅವತ್ತು ರಾತ್ರಿ ಮಾಡಿದ್ದಿಷ್ಟು. ಬ್ಯಾಟರಿಯನ್ನು ಒತ್ತದೆ, ಚುಚ್ಚದೆ ಫೋನಿನಿಂದ ಬಿಡಿಸಿದೆ. ಖಾಲಿ ಡಾಲ್ಡಾ ಡಬ್ಬಿಗೆ ಒಣ ಮರಳು ಹಾಕಿ ಅದರೊಳಗೆ ಹೂತು, ಖೋಲಿಗೂ ಬಣವಿಗೂ ದೂರ, ಬದುವಿನ ಮೇಲೆ ಇಟ್ಟು ಬಂದೆ. ಕಾಕಾ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ನಿಮ್ಮಪ್ಪ ಬುಟ್ಟಿ ಮುಚ್ಚಿದಂಗ ಆಯ್ತಲ್ಲೋ" ಅಂದ. ಎಷ್ಟೋ ವರ್ಷದ ಮೇಲೆ ಅವನು ನಕ್ಕಿದ್ದು ನೋಡಿದೆ.

ಆ ನಗುವಿನ ಬೆನ್ನಿಗೇ ಹೇಳಿಬಿಡಬೇಕು ಅನ್ನಿಸಿತು.

"ಕಾಕಾ, ಮಾಳಿಗಿ ಮ್ಯಾಲ ಒಂದಿನ ನೀ ಒಂದು ಮಾತು ಕೇಳಿದ್ದಿ. ಅವತ್ತು ನನಗ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದಂಗ ನಟನೆ ಮಾಡಿದೆ."

ಅವನು ಸುಮ್ಮನೆ ಬಂದು ಹೊರಸಿನ ಮೇಲೆ ಕೂತ. ಆಮೇಲೆ ನಾವು ಮಾತಾಡಿದ್ದನ್ನು, ಲೆಕ್ಕ ಸಮೇತ, ಇಲ್ಲಿ ಬರೆಯುತ್ತೇನೆ.

*

ಮೊದಲನೆಯದು ದೂರದ ಲೆಕ್ಕ. ಟವರಿನ ಮೇಲಿನ ಒಂದು ಆಂಟೆನಾಗೆ 20 ವ್ಯಾಟ್ ಕೊಡುತ್ತಾರೆ ಅಂತಿಟ್ಟುಕೊಳ್ಳಿ. ಅದು ತನ್ನ ಶಕ್ತಿಯನ್ನು ಬ್ಯಾಟರಿಯ ಹಾಗೆ, ಅಲ್ಲಲ್ಲ, ಬ್ಯಾಟರಿ ಅಂತ ನಾವು ಊರಲ್ಲಿ ಕರೆಯುವ ಟಾರ್ಚಿನ ಹಾಗೆ, ದೂರಕ್ಕೆ ನೇರವಾಗಿ ಎಸೆಯುತ್ತದೆ. ಆ ದಿಕ್ಕಿನಲ್ಲಿ ನೋಡಿದವರಿಗೆ ಅದು 50 ಪಟ್ಟು ಹೆಚ್ಚಾಗಿ, 1000 ವ್ಯಾಟಿನ ಹಾಗೆ ಕಾಣುತ್ತದೆ. 100 ಮೀಟರ್ ದೂರದಲ್ಲಿ ಅದು ಎಷ್ಟು ಹರಡಿರುತ್ತದೆ ಅಂದರೆ, ಒಂದು ಚದರ ಮೀಟರಿಗೆ ಬೀಳುವುದು ಸುಮಾರು 0.008 ವ್ಯಾಟ್. ನಾಲ್ಕಾರು ಆಂಟೆನಾ ಸೇರಿದರೂ ಇದರ ಕೆಲವು ಪಟ್ಟು ಅಷ್ಟೇ. 900 ಮೆಗಾಹರ್ಟ್ಸಿಗೆ ಅಂತಾರಾಷ್ಟ್ರೀಯ ಮಿತಿ 4.5 ವ್ಯಾಟ್ ಇದ್ದದ್ದನ್ನು ನಮ್ಮ ದೇಶ 2012ರ ಸೆಪ್ಟೆಂಬರ್ 1ರಿಂದ ಹತ್ತರಲ್ಲಿ ಒಂದು ಪಾಲಿಗೆ, 0.45 ವ್ಯಾಟಿಗೆ ಇಳಿಸಿತು. ನಮ್ಮ ಟವರ್ ನಿಂತಿದ್ದು ಆ ನಿಯಮ ಬಂದ ಮೇಲೆ.

"ಆದ್ರ ನಮ್ಮ ಮನಿ ಅದರ ಬುಡಕ್ಕೇ ಅದಲ್ಲ?" ಅಂದ ಕಾಕಾ.

ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಇಲ್ಲೂ ಹಾಗೇ. ಆಂಟೆನಾ ಮುಖ ಮಾಡಿರುವುದು ದೂರಕ್ಕೆ. ನೇರ ಕೆಳಗೆ ಬೀಳುವುದು ಅದರ ಚೂರುಪಾರು.

ಎರಡನೆಯದು ಅದು ಎಂಥ ಕಿರಣ ಅನ್ನುವುದು. ಎತ್ತರದ ಕೊಂಬೆಯ ಮಾವಿನಕಾಯಿ ಬೀಳಿಸಬೇಕಾದರೆ ಕಲ್ಲು ಅಲ್ಲಿಯವರೆಗೆ ಹೋಗಬೇಕು. ಮೊಣಕಾಲೆತ್ತರಕ್ಕೆ ಸಾವಿರ ಕಲ್ಲು ಎಸೆದರೂ ಒಂದು ಕಾಯಿಯೂ ಬೀಳುವುದಿಲ್ಲ. ಜೀವಕೋಶದ ಒಳಗಿನ ಬಂಧ ಮುರಿಯಲು ಒಂದೊಂದು ಕಣಕ್ಕೂ ಕೆಲವು ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕು. ಎಕ್ಸ್‌ರೇಗೆ ಅದಕ್ಕಿಂತ ಎಷ್ಟೋ ಹೆಚ್ಚು ಶಕ್ತಿಯಿದೆ, ಬಿಸಿಲಿನ ನೇರಳಾತೀತ ಕಿರಣಕ್ಕೂ ಸಾಕಷ್ಟಿದೆ. 900 ಮೆಗಾಹರ್ಟ್ಸಿನ ತರಂಗಕ್ಕೆ ಇರುವುದು ಅದರ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಅದು ಮಾಡಬಲ್ಲದ್ದು ಬಿಸಿ ಮಾತ್ರ. ಮಿತಿಗಳನ್ನು ಇಟ್ಟಿರುವುದೂ ಆ ಬಿಸಿಯನ್ನು ನೋಡಿಕೊಂಡೇ. ಫೋನಿಗೂ ಅಂಥದ್ದೊಂದು ಮಿತಿಯಿದೆ, 2012ರಲ್ಲೇ ಬಂದದ್ದು. ದೇಹದ ಯಾವುದೇ ಒಂದು ಗ್ರಾಂ ಭಾಗಕ್ಕೆ ತಗಲುವ ಸರಾಸರಿ, ಕಿಲೋಗ್ರಾಂ ಲೆಕ್ಕದಲ್ಲಿ 1.6 ವ್ಯಾಟ್ ದಾಟಬಾರದು. ಇದಕ್ಕೇ ಎಸ್‌ಎಆರ್ ಅನ್ನುವುದು. ನಿಮ್ಮ ಫೋನಿನಲ್ಲಿ *#07# ಒತ್ತಿ ನೋಡಿ, ಬಹಳಷ್ಟು ಫೋನುಗಳಲ್ಲಿ ಕಾಣುತ್ತದೆ.

ಮೂರನೆಯದು ಕೇಳಿ ಕಾಕಾ ಬೆಚ್ಚಿದ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಅಟ್ಟ ಹತ್ತಿ ನಿಂತವನಿಗೆ ಪಕ್ಕದ ಬದುವಿನವನ ಜೊತೆ ಮಾತಾಡಲು ಪಿಸುದನಿ ಸಾಕು. ಅದೇ ಊರೊಳಗಿನವನನ್ನು ಕರೆಯಬೇಕಾದರೆ ಗಂಟಲು ಹರಿಯುವ ಹಾಗೆ ಕೂಗಬೇಕು. ಫೋನೂ ಹಾಗೆಯೇ. ಟವರ್ ಹತ್ತಿರವಿದ್ದರೆ ಪಿಸುಗುಟ್ಟುತ್ತದೆ, ದೂರವಿದ್ದರೆ ಅರಚುತ್ತದೆ. ಕಾಕಾನ ಕೀಪ್ಯಾಡ್ ಫೋನಿನಂಥ ಜಿಎಸ್‌ಎಂ ಫೋನು 900 ಮೆಗಾಹರ್ಟ್ಸಿನಲ್ಲಿ 3 ಮಿಲಿವ್ಯಾಟಿನಿಂದ 2 ವ್ಯಾಟಿನವರೆಗೆ, ಅಂದರೆ 600 ಪಟ್ಟಿಗೂ ಹೆಚ್ಚು, ದನಿ ಏರಿಸಬಲ್ಲದು. ಎಂಟು ಪಾಳಿಯಲ್ಲಿ ಒಂದು ಪಾಳಿ ಮಾತ್ರ ಮಾತಾಡುವುದರಿಂದ ಸರಾಸರಿ ಅದರ ಎಂಟನೇ ಒಂದು ಭಾಗ. ಆದರೂ ಆ ಬಾಯಿ ಇರುವುದು ನಮ್ಮ ಕಿವಿಯ ಮೇಲೆಯೇ.

"ಅಂದ್ರ.. ನಾ ಊರು ಬಿಟ್ಟು ಹೊಲಕ್ಕ ಬಂದು ಜಾಸ್ತಿ ಮಾಡ್ಕೊಂಡೆನೇನು?"

"ಹೌದು ಕಾಕಾ. ಜಾಸ್ತಿ ಅಂದ್ರೂ ಅದು ಮಿತಿಯೊಳಗೇ ಅದ, ಹೆದರಬ್ಯಾಡ. ಆದ್ರ ಕಡಿಮಿ ಅಂತೂ ಆಗ್ಲಿಲ್ಲ."

ಫೋನಿನ ಬೆನ್ನಿಗೆ ಅಂಟಿಸುವ 'ರೇಡಿಯೇಶನ್ ತಡೆಯುವ' ಸ್ಟಿಕ್ಕರಿನ ಕಥೆಯೂ ಇದೇ. ಅದು ನಿಜಕ್ಕೂ ತಡೆದರೆ ಫೋನು ಇನ್ನೂ ಜೋರಾಗಿ ಅರಚಬೇಕಾಗುತ್ತದೆ. ತಡೆಯದಿದ್ದರೆ ದುಡ್ಡು ದಂಡ.

ಹಾಗಾದರೆ ಕ್ಯಾನ್ಸರ್ ಮಾತು ಹುಟ್ಟಿದ್ದೆಲ್ಲಿಂದ? ಪೂರಾ ಗಾಳಿಮಾತೂ ಅಲ್ಲ. 2011ರ ಮೇ 31ರಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ತರಂಗಗಳನ್ನು '2ಬಿ' ಪಟ್ಟಿಗೆ ಸೇರಿಸಿತು. 'ಇರಲೂಬಹುದು, ಸಾಕ್ಷ್ಯ ಸಾಲದು' ಅನ್ನುವ ಪಟ್ಟಿ ಅದು. ಏಷ್ಯಾದ ಸಾಂಪ್ರದಾಯಿಕ ಉಪ್ಪಿನಕಾಯಿಯೂ ಅದೇ ಪಟ್ಟಿಯಲ್ಲಿತ್ತು. (ಅವರ ಮನಸ್ಸಿನಲ್ಲಿದ್ದದ್ದು ಚೀನಾ ಕಡೆ ಹುಳಿ ಬರಿಸಿ ಮಾಡುವ ತರಕಾರಿ, ನಮ್ಮ ಮಾವಿನ ಮಿಡಿ ಅಲ್ಲ. ಉಸಿರು ಬಿಡಿ!) ಸುದ್ದಿಯವರು 'ಇರಲೂಬಹುದು' ಅನ್ನುವುದನ್ನು ಬಿಟ್ಟು 'ಕ್ಯಾನ್ಸರ್' ಅನ್ನುವುದನ್ನಷ್ಟೇ ಉಳಿಸಿಕೊಂಡರು. ಆಮೇಲೆ 2024ರಲ್ಲಿ, ಅದೇ ವಿಶ್ವ ಆರೋಗ್ಯ ಸಂಸ್ಥೆ ಕೇಳಿಕೊಂಡ ಮೇಲೆ, 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಬಳಸಿದವರಲ್ಲೂ ಕಾಣಲಿಲ್ಲ. ನಮ್ಮ 'ಪ್ರೇಮಲೋಕ'ದ ನಾಯಕಿ ಜೂಹಿ ಚಾವ್ಲಾ 5ಜಿ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿದ್ದು ನಿಮಗೆ ನೆನಪಿರಬಹುದು. 2021ರ ಜೂನಿನಲ್ಲಿ ಕೋರ್ಟು ಅರ್ಜಿಯನ್ನು ತಳ್ಳಿಹಾಕಿ 20 ಲಕ್ಷ ದಂಡ ಹಾಕಿತು, 2022ರ ಜನವರಿಯಲ್ಲಿ ಅದು 2 ಲಕ್ಷಕ್ಕೆ ಇಳಿಯಿತು.

ಅನುಮಾನ ಇದ್ದವರಿಗೆ ಅಳೆಸಿಕೊಳ್ಳುವ ದಾರಿಯೂ ಇತ್ತು. ದೂರಸಂಪರ್ಕ ಇಲಾಖೆ 2017ರ ಮೇ ತಿಂಗಳಲ್ಲಿ 'ತರಂಗ ಸಂಚಾರ್' ಅನ್ನುವ ತಾಣ ಶುರುಮಾಡಿತು. 4000 ರೂಪಾಯಿ ಕಟ್ಟಿದರೆ ನಿಮ್ಮ ಮನೆ ಹತ್ತಿರದ ಟವರನ್ನು ಅಳೆದು ಹೇಳುವ ವ್ಯವಸ್ಥೆ. ಕಾಕು ಹೋಗಿ ಎರಡು ತಿಂಗಳಾಗಿತ್ತು ಅಷ್ಟೇ. ನಾನು ಕಾಲೇಜಿನಲ್ಲಿ ಅದನ್ನು ಓದಿದ್ದೆ. ಕಾಕಾನಿಗೆ ಫೋನು ಮಾಡಿ ಹೇಳಬಹುದಿತ್ತು. ಹೇಳಿದರೆ ಆ ವಿಷಯ ಮತ್ತೆ ತೆಗೆಯಬೇಕಲ್ಲ ಅಂತ ಹಿಂಜರಿದೆ.

*

ಇಷ್ಟೆಲ್ಲ ಕೇಳಿ ಕಾಕಾ ಬಹಳ ಹೊತ್ತು ಸುಮ್ಮನಿದ್ದ. ಹೊರಗೆ ಅಮಾವಾಸ್ಯೆಯ ಕತ್ತಲು. ದೂರದಲ್ಲಿ ಊರ ಕಡೆ ಟವರಿನ ಕೆಂಪು ದೀಪ ಕಾಣುತ್ತಿತ್ತು.

"ಇಷ್ಟ್ ವರ್ಷ ಯಾಕ ಹೇಳಲಿಲ್ಲ ತಮ್ಮಾ?"

ಉತ್ತರ ಇರಲಿಲ್ಲ. ಈಗಲೂ ಇಲ್ಲ. ನನಗೆ ಮುಂದಿನ ಸೆಮಿಸ್ಟರಿನಲ್ಲೇ ಗೊತ್ತಾಗಿತ್ತು. ಕೆಲಸ ಸಿಕ್ಕಿತು, ಬೆಂಗಳೂರು ಸೇರಿದೆ, ವರ್ಷಕ್ಕೆರಡು ಸಲ ಊರಿಗೆ ಹೋದೆ. ಪ್ರತಿ ಸಲ ಮುಂದಿನ ಸಲ ಹೇಳೋಣ ಅಂದುಕೊಂಡೆ. ಇಲ್ಲಿ ಬ್ಲಾಗಿನಲ್ಲಿ 'ಇವತ್ತು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆವರೆಗೆ ಕಾಸ್ಮಿಕ್ ಕಿರಣ ಬರುತ್ತದೆ, ಫೋನ್ ಆಫ್ ಮಾಡಿ' ಅನ್ನುವ ವಾಟ್ಸಾಪ್ ಮೆಸೇಜನ್ನು ಗೇಲಿ ಮಾಡಿ ಎರಡು ಪುಟ ಬರೆದವನು ನಾನೇ. ಗೊತ್ತಿಲ್ಲದವರನ್ನು ನೋಡಿ ನಗುವುದು ಸುಲಭ. ನಮ್ಮವನೊಬ್ಬನ ಎದುರು ಕೂತು ಹೇಳುವುದೇ ಕಷ್ಟ.

ಆಮೇಲೆ ಕಾಕಾ ಒಂದು ಮಾತು ಹೇಳಿದ. ಕತ್ತಲಲ್ಲಿ, ನನ್ನ ಕಡೆ ನೋಡದೆ.

"ನಿಮ್ಮ ಕಾಕುಗ ಗಂಟು ಕೈಗೆ ಹತ್ತಿ ಏಳೆಂಟು ತಿಂಗಳಾಗಿತ್ತು ತಮ್ಮಾ. ನನಗ ಹೇಳಿರಲಿಲ್ಲ. ನಾಚ್ಕಿ ಆಯ್ತಂತ. ನೋವಿಲ್ಲಲ್ಲ, ತಾನೇ ಕರಗ್ತದ ಅಂದ್ಕೊಂಡಳಂತ. ಸೊಲ್ಲಾಪುರದಾಗ ಡಾಕ್ಟರ್ ನನ್ನ ಮ್ಯಾಲೇ ಸಿಟ್ಟಾದ, ಇಷ್ಟ್ ದಿನ ಎಲ್ಲಿದ್ರಿ ಅಂತ."

ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಟವರಿನ ಕಡೆ ನೋಡುತ್ತಿದ್ದೆವಲ್ಲ, ಯಾರೂ ಕೇಳಲೂ ಇಲ್ಲ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರುಗಳಲ್ಲಿ ಇದೂ ಒಂದು. ಟವರ್ ಇರುವ ಊರಲ್ಲೂ ಬರುತ್ತದೆ, ಇಲ್ಲದ ಊರಲ್ಲೂ ಬರುತ್ತದೆ. ಶುರುವಿನಲ್ಲಿ ಆ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ಬೇಗ ತೋರಿಸಿದರೆ ಬದುಕುವವರು ಬಹಳ. ಇದನ್ನು ನಮ್ಮ ಓಣಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ಗುಬ್ಬಿಯ ಬಗ್ಗೆ ಮಾತಾಡಿದೆವು, ಎಮ್ಮೆಯ ಬಗ್ಗೆ ಮಾತಾಡಿದೆವು. ಟವರ್ ತೆಗೆಸಲು ಅರ್ಜಿಗೆ ಸಹಿ ಹಾಕಿದವರಲ್ಲಿ ನಮ್ಮ ಅಪ್ಪನೂ ಒಬ್ಬ. ಅಣ್ಣ ತಮ್ಮಂದಿರ ಮಾತು ಕಡಿಮೆಯಾಗಿದ್ದೂ ಆವಾಗಲೇ.

"ನಾ ಕೊಂದೆ ಅಂದ್ಕೊಂಡಿದ್ದೆ" ಅಂದ ಕಾಕಾ. ಅಷ್ಟೇ. ಆಮೇಲೆ ಮಗ್ಗುಲಾಗಿ ಮಲಗಿದ. ದಿಂಬಿನ ಕೆಳಗೆ ಅಭ್ಯಾಸಬಲದಿಂದ ಕೈ ಹಾಕಿದ್ದು ಕಂಡಿತು. ಅಲ್ಲಿ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಡಬ್ಬಿಯನ್ನು ಹಾಗೇ ಮರಳಿನ ಸಮೇತ ಬೈಕಿನ ಹಿಂದೆ ಕಟ್ಟಿಕೊಂಡು ಬಸವಕಲ್ಯಾಣಕ್ಕೆ ಹೋದೆವು. ಹಳೇ ಬ್ಯಾಟರಿಯನ್ನು ತಯಾರಕರೇ ವಾಪಸ್ ಪಡೆದು ವಿಲೇವಾರಿ ಮಾಡಿಸಬೇಕು ಅಂತ 2022ರಲ್ಲಿ ನಿಯಮ ಬಂದಿದೆ. ಆದರೆ ಹೆಸರೇ ಇಲ್ಲದ ಬ್ಯಾಟರಿಗೆ ತಯಾರಕ ಯಾರು? ಮೂರು ಅಂಗಡಿಯವರು ನಕ್ಕರು. "ಕಸಕ್ಕ ಒಗೀರಿ ಸರ್" ಅಂದರು. ನಾಲ್ಕನೆಯವನು ಗುಜರಿಗೆ ಕಳಿಸಲು ಬೇರೆಯಾಗಿ ಇಟ್ಟುಕೊಳ್ಳುತ್ತಾನಂತೆ, ಅವನು ಇಸಿದುಕೊಂಡ. ಕಾಕಾನಿಗೆ ಬಿಐಎಸ್ ಗುರುತಿರುವ ಬ್ಯಾಟರಿ, ಅದೇ ಫೋನಿನ ಚಾರ್ಜರು ಕೊಂಡೆವು. ಟಚ್ ಫೋನು ಕೊಡಿಸುತ್ತೇನೆ ಅಂದೆ. "ಬ್ಯಾಡ, ಇದೇ ಛಲೋ ಅದ" ಅಂದ. ಒತ್ತಾಯ ಮಾಡಲಿಲ್ಲ. ಬ್ಯಾಟರಿಯ ಬೆನ್ನ ಮೇಲಿನ ನಂಬರನ್ನು ಮಾತ್ರ ನನ್ನ ಕೈಲಿ ಜೋರಾಗಿ ಓದಿಸಿದ.

ಕಾಕಾ ಊರಿಗೆ ಬಂದು ಇದ್ದಾನಾ ಅಂದರೆ, ಇಲ್ಲ. ಹೊಲದಲ್ಲೇ ಇದ್ದಾನೆ. ಅಷ್ಟು ವರ್ಷದ ಅಭ್ಯಾಸ ಒಂದು ರಾತ್ರಿಯ ಲೆಕ್ಕಕ್ಕೆ ಬಿಡುವುದಿಲ್ಲ. ಆದರೆ ಮೊನ್ನೆ ಅಪ್ಪ ಫೋನು ಮಾಡಿದಾಗ, ಕಾಕಾ ಮನೆಗೆ ಬಂದು ಚಹಾ ಕುಡಿದು ಹೋದ ಅಂದ. ಅದನ್ನೇನೂ ವಿಶೇಷ ಅಂತ ಹೇಳಲಿಲ್ಲ. ಮಳೆ, ಬೆಳೆಯ ಸುದ್ದಿಯ ನಡುವೆ ಸೇರಿಸಿ ಹೇಳಿದ.

ನಾನು ಬೆಂಗಳೂರು ಬಸ್ ಹತ್ತುವಾಗ ಕಾಕಾ ಕಿಟಕಿಯ ಹತ್ತಿರ ಬಂದಿದ್ದ. ಹೋಗುವ ಮುಂಚೆ ಮನೆಯ ಹೆಣ್ಣುಮಕ್ಕಳನ್ನೆಲ್ಲ ಕೂರಿಸಿ ಒಂದು ಮಾತು ಹೇಳು ಅಂತ ನನಗೆ ಹಿಂದಿನ ದಿನವೇ ಹೇಳಿದ್ದ. ಗಂಟು ಕಂಡರೆ ಮುಚ್ಚಿಟ್ಟುಕೊಳ್ಳಬೇಡಿ ಅಂತ. ನಾನು, ಯಥಾಪ್ರಕಾರ, ನಾಚಿಕೊಂಡು ಹೇಳಿರಲಿಲ್ಲ.

"ಹೇಳ್ದೇನು?" ಅಂದ.

"ಇಲ್ಲ ಕಾಕಾ."

"ನೀ ಬರೀತಿ ಅಲ್ಲಾ, ಕಂಪ್ಯೂಟರ್‌ನಾಗ. ಅದ್ರಾಗರ ಬರಿ."

ಬಸ್ಸಿನಲ್ಲೇ ಅವ್ವನಿಗೂ ತಂಗಿಗೂ ಫೋನು ಮಾಡಿ ಹೇಳಿದೆ. ಈಗ ಇಲ್ಲಿ ಬರೆದಿದ್ದೇನೆ. ಈ ಸಲ ಊರಿಗೆ ಹೋದಾಗ ನಿಮ್ಮ ಅಪ್ಪ, ಅಮ್ಮ, ಅಜ್ಜಿಯ ಫೋನುಗಳನ್ನು ಒಮ್ಮೆ ತಿರುಗಿಸಿ ನೋಡಿ. ರಬ್ಬರ್ ಬ್ಯಾಂಡ್ ಸುತ್ತಿದ್ದರೆ ಯಾಕೆ ಅಂತ ಕೇಳಿ. ಹಾಗೇ ಅವರು ಯಾವತ್ತೋ ಕೇಳಿದ ಪ್ರಶ್ನೆಗೆ ನೀವು ಉತ್ತರ ಬಾಕಿ ಇಟ್ಟಿದ್ದರೆ, ಅದನ್ನೂ ಕೊಟ್ಟು ಬನ್ನಿ.